ಸೇತುರಾಮಯ್ಯನ ತಿದ್ದುಪಡಿ

ನಮ್ಮ ಸೇತುರಾಮಯ್ಯನವರಿಗೆ ಒಂದು ಕಾಯಿಲೆಯಿದೆ. ಸಕ್ಕರೆ ಕಾಯಿಲೆಯೂ ಇದೆ, ಅದು ಬೇರೆ. ನಾನು ಹೇಳುತ್ತಿರುವುದು ತಿದ್ದುವ ಕಾಯಿಲೆ. ಎಲ್ಲಿ ಕನ್ನಡ ಕಂಡರೂ ಅದರಲ್ಲೊಂದು ತಪ್ಪು ಹುಡುಕಿ ಸರಿಮಾಡದಿದ್ದರೆ ಅವರಿಗೆ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಬಸಪ್ಪ ಎಂಬ ಹಿರಿಯರು ತೀರಿಕೊಂಡಾಗ ಮನೆಯ ಮುಂದೆ ‘ಭಾವಪೂರ್ಣ ಶ್ರದ್ದಾಂಜಲಿ’ ಎಂದು ಫ್ಲೆಕ್ಸ್ ಕಟ್ಟಿದ್ದರು. ಹೆಣ ಇನ್ನೂ ಅಂಗಳದಲ್ಲೇ ಇತ್ತು. ಇವರು ಹಾರ ಹಾಕಿ, ಕೈಮುಗಿದು, ಅಳುತ್ತಿದ್ದ ಮಗನನ್ನು ಪಕ್ಕಕ್ಕೆ ಕರೆದು, “ಅಪ್ಪನ ಪ್ರಾಣ ಹೋಯ್ತು, ಸರಿ. ಶ್ರದ್ಧೆಯ ಮಹಾಪ್ರಾಣ ಯಾಕಪ್ಪಾ ತೆಗೆದ್ರಿ?” ಎಂದು ಕೇಳಿದರು. ಆ ಮಗ ಇವತ್ತಿಗೂ ಇವರನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ.

ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಗಾರರಾಗಿದ್ದವರು. ಸಾಕ್ಷಿ ಕಟ್ಟೆಯಲ್ಲಿ ನಿಂತವನು “ಅವ್ನು ಮಚ್ಚು ಎತ್ದ, ನಾನು ಓಡ್ದೆ” ಎಂದರೆ, ಇವರ ಬೆರಳಿನಿಂದ ‘ಸದರಿ ಆರೋಪಿಯು ಮಚ್ಚನ್ನು ಎತ್ತಲಾಗಿ, ನಾನು ಸ್ಥಳದಿಂದ ನಿರ್ಗಮಿಸಿರುತ್ತೇನೆ’ ಎಂದು ಹೊರಬರುತ್ತಿತ್ತು. ಓಡಿದವನಿಗೆ ತಾನು ನಿರ್ಗಮಿಸಿದೆ ಎಂಬುದು ತಿಳಿಯುತ್ತಿದ್ದದ್ದು ಸಹಿ ಹಾಕುವಾಗಲೇ. ನಿವೃತ್ತರಾದ ಮೇಲೆ ಹೆಂಡತಿಯ ಹೆಸರಿನಲ್ಲಿ ‘ಸತ್ಯವತಿ ನೆರಳಚ್ಚು ಕೇಂದ್ರ’ ತೆರೆದರು. ಮೂರು ತಿಂಗಳು ನೊಣವೂ ಬರಲಿಲ್ಲ. ಸತ್ಯವತಿಯವರೇ ಒಂದು ರಟ್ಟಿನ ಮೇಲೆ ‘ಜೆರಾಕ್ಸ್’ ಎಂದು ಬರೆದು ಬೋರ್ಡಿನ ಕೆಳಗೆ ನೇತುಹಾಕಿದ ಮೇಲೆ ಜನ ಬಂದರು. ನಾನು ನಿವೃತ್ತ ಕನ್ನಡ ಮೇಷ್ಟ್ರು. ದಿನವೂ ಹತ್ತರಿಂದ ಒಂದರವರೆಗೆ ಆ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ನನ್ನದು, ಪತ್ರಿಕೆ ಅವರದು.

ಎದುರುಗಡೆ ಹಾಲವ್ವನ ಹೋಳಿಗೆ ಅಂಗಡಿ. ಹಾವೇರಿ ಕಡೆಯ ಹೆಂಗಸು, ಐವತ್ತರ ಆಸುಪಾಸು. ಗಂಡನಿಲ್ಲ, ಚೈತ್ರ ಎಂಬ ಒಬ್ಬಳೇ ಮಗಳು. ಆಕೆಯ ಜೊತೆ ಲಟ್ಟಿಸಲು ಇದ್ದವಳು ಸುಮಾ, ನಮ್ಮ ಹಿಂದಿನ ರಸ್ತೆಯವಳೇ. ಆ ಹೋಳಿಗೆಯ ರುಚಿ ಹೇಳಹೊರಟರೆ ನನ್ನ ಕೋಪ ಇಳಿದುಬಿಡುತ್ತದೆ, ಆದ್ದರಿಂದ ಬೇಡ. ಹಾಲವ್ವ ಎಂಬ ಹೆಸರು, ಹಣೆಯ ಮೇಲೆ ವಿಭೂತಿ, ‘ಬರ್ರಿ, ಕೂಡ್ರಿ’ ಎನ್ನುವ ಮಾತು. ಇಷ್ಟರಲ್ಲೇ ನಮ್ಮ ರಸ್ತೆ ಆಕೆಯ ಜಾತಿಯನ್ನು ತಾನೇ ತೀರ್ಮಾನ ಮಾಡಿಕೊಂಡಿತ್ತು. ಆಕೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಗೊತ್ತಿರುವುದನ್ನು ಯಾರು ಕೇಳುತ್ತಾರೆ? ಪೂಜೆ, ನಾಮಕರಣ, ಗೃಹಪ್ರವೇಶ, ಎಲ್ಲಕ್ಕೂ ಅಲ್ಲಿಂದಲೇ. ನಂಜುಂಡಪ್ಪನವರು ಮೊಮ್ಮಗಳ ನಾಮಕರಣಕ್ಕೆ ಇನ್ನೂರು ತರಿಸಿ, ಮೊದಲ ಎರಡನ್ನು ದೇವರ ಮುಂದೆ ಇಟ್ಟರು. ನಂಜುಂಡಪ್ಪನವರ ಮನೆಯವರು ಈ ಬಡಾವಣೆ ಆಗುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದರು. ಈಗ ಅದೇ ನೆಲದಲ್ಲಿ ಬಾಡಿಗೆ ಬೆಳೆಯುತ್ತಾರೆ.

ಆ ನಾಮಕರಣವಾಗಿ ಹದಿನೈದು ದಿನಕ್ಕೆ ಹಾಲವ್ವ ಮಗಳ ಹಳೆಯ ಶಾಲೆಯ ವರ್ಗಾವಣೆ ಪತ್ರ ತಂದುಕೊಟ್ಟು, “ಎರಡ ಕಾಪಿ ತೆಗದ ಇಡ್ರಿ, ಹಂಚಿನ ಮ್ಯಾಲೆ ಹೋಳಿಗಿ ಐತಿ” ಎಂದು ಓಡಿದಳು. ಊರಿನ ಮೇಷ್ಟ್ರು ಕೈಯಲ್ಲಿ ಬರೆದ ಪತ್ರ. ಸೇತುರಾಮಯ್ಯ ಅದನ್ನು ಗಾಜಿನ ಮೇಲಿಡುವ ಮೊದಲು, ಅಭ್ಯಾಸಬಲ, ಓದಿದರು. ಓದಿ, ಚೇಳು ಕಚ್ಚಿದವರಂತೆ ಎದ್ದರು.

“ನೋಡಿ ಮೇಷ್ಟ್ರೇ, ನಿಮ್ಮ ಮೇಷ್ಟ್ರು ಕುಲದ ಕೆಲಸ! ‘ಪರಿಶಿಷ್ಠ ಜಾತಿ’ ಅಂತೆ! ಟಕಾರದ ಒತ್ತಿರಬೇಕಾದ ಕಡೆ ಠಕಾರ! ಅಲ್ಪಪ್ರಾಣದ ತಲೆ ಮೇಲೆ ಮಹಾಪ್ರಾಣ!”

ನನ್ನ ಕುಲಕ್ಕೆ ಕಳಂಕ ಬಂದರೆ ಸುಮ್ಮನಿರುತ್ತೇನೆಯೇ? “ಯಾವ ಊರಿನ ಶಾಲೆ? ಯಾರದದು?” ಎಂದು ಕೇಳಿದೆ.

“ಹಾವೇರಿ ಕಡೇದು. ನಮ್ಮ ಹೋಳಿಗೆ ಹಾಲವ್ವನ ಮಗಳದು.”

ನಾವಿಬ್ಬರೂ ಅರ್ಧ ಗಂಟೆ ಆ ಒತ್ತಕ್ಷರದ ಮೇಲೆ ಜಗಳವಾಡಿದೆವು. ಆಧಾರ್ ಕಾರ್ಡಿನ ನಕಲಿಗೆ ಬಂದಿದ್ದ ನಂಜುಂಡಪ್ಪನವರು ಪಕ್ಕದಲ್ಲೇ ನಿಂತಿದ್ದರು. ಜಗಳ ಮುಗಿದು ನೋಡಿದರೆ ಅವರಿರಲಿಲ್ಲ. ಆಧಾರ್ ಕಾರ್ಡು ಅಲ್ಲೇ ಇತ್ತು.

ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ, ಬೆಳಗ್ಗೆ ಹನ್ನೊಂದೂವರೆಗೆ, ಮೂರು ಬೈಕಿನಲ್ಲಿ ಐದು ಜನ ಬಂದರು. ಎಲ್ಲರ ತಲೆಯ ಮೇಲೂ ಹೆಲ್ಮೆಟ್ಟು. ಹೂರಣದ ಪಾತ್ರೆಯನ್ನು ಮೋರಿಗೆ ಮಗುಚಿದರು. ಸುಮಾ ಅವತ್ತು ಬೆಲ್ಲ ತರಲು ಹೋಗಿದ್ದಳು. ಒಬ್ಬ ಹಾಲವ್ವನ ಕತ್ತು ಬಗ್ಗಿಸಿ ಹಿಡಿದ. ಇನ್ನೊಬ್ಬ, “ಈ ಕೈಯಲ್ಲಿ ತಾನೇ ನಮ್ಮ ದೇವ್ರಿಗೆ ತಿನ್ಸಿದ್ದು?” ಎಂದು ಆಕೆಯ ಬಲಗೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದ. ಆ ಕೂಗನ್ನು ನಾನು ಬರೆಯಲಾರೆ. ಸೇತುರಾಮಯ್ಯನವರೂ ಬರೆಯಲಾರರು. ಬೈಕು ಹತ್ತುವಾಗ ಅವರಲ್ಲಿ ಇಬ್ಬರು ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. ಕೈ ಒತ್ತಿ ಹಿಡಿದಿದ್ದವನದು ನಮಗೆ ಚೆನ್ನಾಗಿಯೇ ಗೊತ್ತಿದ್ದ ಮುಖ. ನಾವು ಆಗ ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು ಒಳಗಿದ್ದೆವು. ಅರ್ಧ ಏಕೆಂದರೆ, ಪೂರ್ತಿ ಎಳೆದರೆ ಏನೂ ಕಾಣುವುದಿಲ್ಲ.

ಪೊಲೀಸರು ಬಂದು ವಿಚಾರಿಸಿದಾಗ ಗೊತ್ತಾಯಿತು, ಆ ಹೊತ್ತಿಗೆ ನಮ್ಮ ರಸ್ತೆಯವರೆಲ್ಲ ಸ್ನಾನ ಮಾಡುತ್ತಿದ್ದರಂತೆ. ಅವತ್ತು ನಲ್ಲಿಯಲ್ಲಿ ನೀರು ಬರದ ದಿನ. ಸೇತುರಾಮಯ್ಯ ತಮ್ಮ ಹೇಳಿಕೆಯನ್ನು ತಾವೇ ಬೆರಳಚ್ಚು ಮಾಡಿಕೊಟ್ಟರು: ‘ಸದರಿ ಸ್ಥಳದಲ್ಲಿ ಗಲಾಟೆ ನಡೆದಿರುವುದು ತದನಂತರ ತಿಳಿದುಬಂದಿರುತ್ತದೆ.’ ಕಾಗುಣಿತ ಶುದ್ಧವಾಗಿತ್ತು. ನಾನು ಅದರ ಕೆಳಗೆ ‘ನನಗೂ’ ಎಂದು ಸಹಿ ಹಾಕಿದೆ. ಕೇಸು ಯಾರೋ ಅಪರಿಚಿತರ ಮೇಲೆ ದಾಖಲಾಯಿತು.

ಹಾಲವ್ವ ಮಗಳನ್ನು ಕರೆದುಕೊಂಡು ಕೆಂಗೇರಿಗೆ ಹೋದಳು. ರಸ್ತೆಗೆ ಒಂದು ಪ್ರಶ್ನೆ ಉಳಿಯಿತು: ವಿಷಯ ಹೊರಗೆ ಹಾಕಿದ್ದು ಯಾರು? ಉತ್ತರ ತಾನಾಗಿಯೇ ಹುಟ್ಟಿತು. ಹಾಲವ್ವನ ಮನೆಯಲ್ಲಿ ಕೂತು ಉಂಡವಳು ಸುಮಾ ಒಬ್ಬಳೇ, ಹಾಗಾಗಿ ಸುಮಾ. ಆಮೇಲೆ ಸುಮಾಗೆ ನಮ್ಮ ರಸ್ತೆಯಲ್ಲಿ ಯಾರೂ ಕೆಲಸ ಕೊಡಲಿಲ್ಲ. “ಉಂಡ ಮನೆ ಗುಟ್ಟು ಬೀದಿಗೆ ಹಾಕೋಳನ್ನ ಹೇಗ್ರೀ ಸೇರ್ಸೋದು?” ಎಂದು ಕೇಳಿದವರಲ್ಲಿ ನಂಜುಂಡಪ್ಪನವರ ಮನೆಯವರೂ ಇದ್ದರು. ಸುಮಾ ಅತ್ತಿಗುಪ್ಪೆಯ ಯಾವುದೋ ಗಾರ್ಮೆಂಟ್ಸಿಗೆ ಹೋಗಿ ದಿನವಿಡೀ ದಾರ ಕತ್ತರಿಸಿ ಬರುತ್ತಿದ್ದಳು. ನಮ್ಮ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದಳು. ಆ ಅಪವಾದ ಕಳೆಯಲು ಸೇತುರಾಮಯ್ಯನವರ ಒಂದು ವಾಕ್ಯ ಸಾಕಿತ್ತು. ನನ್ನದೂ ಸಾಕಿತ್ತು. “ನಾನು ಮಾತಾಡಿದ್ದು ಒತ್ತಕ್ಷರದ ವಿಷಯ, ಜಾತಿ ವಿಷಯ ಅಲ್ಲ” ಎಂದು ಅವರು ಒಮ್ಮೆ ಅಂದರು. ನಾನು ಒಪ್ಪಿಕೊಂಡೆ. ಆಮೇಲೆ ನಾವು ಆ ಮಾತು ಎತ್ತಲಿಲ್ಲ.

ಆಷಾಢದಲ್ಲಿ ರಾಗಿಣಿ ಎಂಬ ರಂಗಕರ್ಮಿ ಬಂದಳು, ಜೊತೆಗೆ ಆತ್ರೇಯ ಎಂಬ ನಟ. ಹಾಲವ್ವನ ಮೇಲೆ ನಡೆದದ್ದು ಈ ರಸ್ತೆಯನ್ನು ಏನು ಮಾಡಿತು ಎಂದು ನಾಟಕ ಮಾಡುತ್ತಾರಂತೆ. ಕಟ್ಟುಕತೆ ಇಲ್ಲ, ಕವಿಯಿಲ್ಲ. ಜನ ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು, ಅದೇ ಮಾತನ್ನು ನಟರು ಆಡುವುದು. ಪೊಲೀಸರಿಗೆ ಏನೂ ಹೇಳದ ನಮ್ಮ ರಸ್ತೆ, ನಾಟಕದವರು ಅಂದಕೂಡಲೇ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಕೂತಿತು. ನಲವತ್ತೊಂದು ಜನ ಮಾತಾಡಿದರು. ಅದನ್ನೆಲ್ಲ ಅಕ್ಷರಕ್ಕಿಳಿಸುವ ಕೆಲಸ ಸೇತುರಾಮಯ್ಯನವರಿಗೆ ಬಂತು. ಅವರನ್ನೂ ಮಾತಾಡಲು ರಾಗಿಣಿ ಕೇಳಿದಳು. “ನಾನು ಬರೆಯೋನಮ್ಮ, ಹೇಳೋನಲ್ಲ” ಎಂದರು.

ಮೊದಲ ಕಂತು ಓದಿ ರಾಗಿಣಿ ತಲೆ ಮೇಲೆ ಕೈ ಹೊತ್ತಳು. ನಂಜುಂಡಪ್ಪನವರು “ಥೂ, ಬಿಡಿ ಅತ್ಲಾಗೆ, ಆಗಿದ್ದಾಯ್ತು” ಅಂದಿದ್ದರೆ, ಇವರು ‘ಸದರಿ ವಿಷಯವನ್ನು ಮುಂದುವರಿಸದಿರುವುದು ಸೂಕ್ತವೆಂದು ಅಭಿಪ್ರಾಯಪಡುತ್ತೇನೆ’ ಎಂದು ಹೊಡೆದಿದ್ದರು.

“ಸಾರ್, ಈ ಸದರಿ ಅನ್ನೋರು ಯಾರು ಸಾರ್? ಟೇಪಲ್ಲಿ ಇಲ್ವಲ್ಲ!” ಎಂದಳು ರಾಗಿಣಿ. “ಆಡಿದ ಹಾಗೇ ಬೇಕು. ಕೆಮ್ಮಿದ್ರೆ ಕೆಮ್ಮು ಅಂತ ಬರೀರಿ. ತಪ್ಪು ಮಾತಾಡಿದ್ರೆ ತಪ್ಪನ್ನೇ ಬರೀರಿ. ನೀವು ಸರಿ ಮಾಡಿದ್ರೆ ನಾಟಕ ಸತ್ತುಹೋಗುತ್ತೆ.”

ತಪ್ಪನ್ನು ತಪ್ಪಾಗಿಯೇ ಬರೆಯಬೇಕೆಂದು ಈ ಅರವತ್ತೆಂಟರಲ್ಲಿ ಹೇಳಿಸಿಕೊಂಡು ಅವರು ಒಂದು ವಾರ ಆ ಟೇಪು ಮುಟ್ಟಲಿಲ್ಲ. ಆಮೇಲೆ ಹೊಸದಾಗಿ ಮತಕ್ಕೆ ಸೇರಿದವರ ಉತ್ಸಾಹ ಬಂತು. ‘ಅದೂ… ಅಂದ್ರೆ… ಹೆಹೆ… ನಮಗ್ಯಾಕೆ ಸಾರ್’ ಎಂಬುದನ್ನು ಹೆಹೆ ಸಮೇತ ಬರೆದು, ಅದು ಎರಡು ಹೆಹೆಯೋ ಮೂರೋ ಎಂದು ನನ್ನನ್ನೂ ಕೇಳಿಸಿಕೊಳ್ಳಲು ಕೂರಿಸುತ್ತಿದ್ದರು. ಕೇಳುತ್ತ ಕೇಳುತ್ತ ಒಂದು ಮಾತು ಇಬ್ಬರಿಗೂ ಕಿವಿಗೆ ಕಟ್ಟಿತು. ‘ಯಾರೋ ಹೇಳಿದ್ರು.’ ಹಾಲವ್ವ ಇಂಥವಳು ಅಂತ ಯಾರೋ ಹೇಳಿದ್ರು. ಪಾಪ, ಹೋಳಿಗೆ ಚೆನ್ನಾಗಿತ್ತು, ಆದ್ರೆ ಯಾರೋ ಹೇಳಿದ್ರು. ನನ್ನ ಧ್ವನಿಯೂ ಬಂತು. ಸ್ಪಷ್ಟ ಉಚ್ಚಾರಣೆಯಲ್ಲಿ, ಮೇಷ್ಟ್ರ ಗತ್ತಿನಲ್ಲಿ, “ಯಾರೋ ಹೇಳಿದರಂತೆ” ಎಂದಿದ್ದೆ. ಸೇತುರಾಮಯ್ಯ ತಲೆಯೆತ್ತದೆ ಬರೆದುಕೊಂಡರು.

ಕೊನೆಗೆ ಹಾಲವ್ವನ ಟೇಪು. ಕೆಂಗೇರಿಗೆ ಹೋಗಿ ಮಾತಾಡಿಸಿ ತಂದಿದ್ದರು. ಹಿಂದೆ ಎಲ್ಲೋ ಕುಕ್ಕರಿನ ಸದ್ದು. “ನಮ್ಮ ಮನಿ ವಿಷಯ ಸುಮಾ ಒಬ್ಬಾಕಿಗೇ ಗೊತ್ತಿತ್ರಿ. ಆಕಿನ ಹೇಳಿರಬೇಕು. ಒಂದ ತಾಟಿನಾಗ ಉಂಡಾಕಿ ನೋಡ್ರಿ… ಕೈ ಉರಿಯೂದು ಕಡಿಮಿ ಆಗೇತಿ. ಇದು ಆಗವಲ್ದು.”

ಸೇತುರಾಮಯ್ಯ ಅದನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದರು. ಆಮೇಲೆ ಸುಮಾ ಹೆಸರಿದ್ದ ಮಾತಿನ ಜಾಗದಲ್ಲಿ ಟೈಪು ಮಾಡಿದರು: ‘ಯಾರೋ ಹೇಳಿರಬೇಕು.’ ನಾನು ಪರದೆಯ ಮೇಲೆ ಓದಿದೆ. “ಒಳ್ಳೇ ಕೆಲಸ ಮಾಡಿದ್ರಿ, ಪಾಪ ಸುಮಾ ಬಚಾವಾದ್ಲು” ಎಂದೆ. ಸುಮಾ ಜೊತೆಗೆ ಇನ್ನೂ ಇಬ್ಬರು ಬಚಾವಾದದ್ದನ್ನು ಇಬ್ಬರೂ ಹೇಳಲಿಲ್ಲ.

ಕಾರ್ತಿಕ ಮಾಸದ ಒಂದು ಭಾನುವಾರ ಸಂಜೆ ಸಮುದಾಯ ಭವನದಲ್ಲಿ ನಾಟಕ. ಕುರ್ಚಿ, ಮೈಕು, ನೀರಿನ ಕ್ಯಾನು, ಎಲ್ಲದರ ಹಿಂದೆ ಓಡಾಡಿದವನು ನಂಜುಂಡಪ್ಪನವರ ತಮ್ಮನ ಮಗ ಭೈರೇಶ. ಸಮಾಜಸೇವೆ ಎಂದರೆ ಅವನಿಗೆ ಪ್ರಾಣ. ಮದುವೆಗೆ ಬಂದಂತೆ ಜನ ಬಂದರು. ಗೋಪ್ಯತೆಗಾಗಿ ಎಲ್ಲರ ಹೆಸರು ಬದಲಿಸಿದ್ದೇವೆ ಎಂದು ರಾಗಿಣಿ ಪ್ರಕಟಿಸಿದಳು. ನಂಜುಂಡಪ್ಪ ನಂಜಪ್ಪನಾಗಿದ್ದರು. ನಾನು ‘ಹೆಡ್‌ಮೇಷ್ಟ್ರು’ ಆಗಿದ್ದೆ. ನಲವತ್ತು ವರ್ಷದಲ್ಲಿ ಸರ್ಕಾರ ಕೊಡದ ಬಡ್ತಿ. ಆತ್ರೇಯ ನಂಜಪ್ಪನಾಗಿ ಬಂದು “ಥೂ, ಬಿಡಿ ಅತ್ಲಾಗೆ” ಎಂದಾಗ ಚಪ್ಪಾಳೆ ಬಿತ್ತು, ನಂಜುಂಡಪ್ಪನವರು ಹಿಂದೆ ತಿರುಗಿ ಎಲ್ಲರಿಗೂ ಕೈಮುಗಿದರು. ನಟಿಯೊಬ್ಬಳು ಬರಿಯ ಹಂಚಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಭೈರೇಶ ಎದ್ದು ಹೋಗಿ ಫ್ಯಾನು ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಿ ಬಂದ.

ಅದೇ ನಟಿ ಮುಂದುವರಿಸಿದಳು: “ನಮ್ಮ ಮನಿ ವಿಷಯ ಉಮಾ ಒಬ್ಬಾಕಿಗೇ ಗೊತ್ತಿತ್ರಿ. ಆಕಿನ ಹೇಳಿರಬೇಕು.”

ಸೇತುರಾಮಯ್ಯ ನನ್ನ ತೊಡೆ ಹಿಡಿದುಕೊಂಡರು. ಆಮೇಲೆ ಗೊತ್ತಾಯಿತು, ರಾಗಿಣಿ ಟೇಪಿಗೆ ತಾಳೆ ನೋಡಿ, ಒಂದು ಕಡೆ ತಪ್ಪಾಗಿದೆ ಎಂದು ತಿದ್ದಿದ್ದಳು. ಜೀವಮಾನವೆಲ್ಲ ಊರನ್ನು ತಿದ್ದಿದವರನ್ನು ಒಬ್ಬಳು ಹುಡುಗಿ ಸರಿಯಾಗಿ ತಿದ್ದಿದ್ದಳು.

ಸುಮಾ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಇಡೀ ಭವನ ಅವಳ ಕಡೆ ತಿರುಗಿತು. ಅವಳು ಸೆರಗು ಹೊದ್ದುಕೊಂಡು ಎದ್ದಳು.

“ತಪ್ಪು!” ಸೇತುರಾಮಯ್ಯ ಎದ್ದು ನಿಂತು ಕೂಗಿದರು. “ಅದು ಉಮಾ ಅಲ್ಲ!”

“ಗೊತ್ತು ಬಿಡಿ ಸಾರ್, ಸುಮಾ ಅಂತ ಎಲ್ಲಾರ್ಗೂ ಗೊತ್ತು!” ಎಂದು ಯಾರೋ ಹಿಂದಿನಿಂದ ಕೂಗಿದರು. ಭವನ ಬಿದ್ದು ಬಿದ್ದು ನಕ್ಕಿತು. “ಶುರು ಹಚ್ಕೊಂಡ್ರಪ್ಪ, ನ್ಯಾಟಕದಲ್ಲೂ ಮಿಸ್ಟೇಕು!” ಎಂದ ಇನ್ನೊಬ್ಬ. ಸೇತುರಾಮಯ್ಯ ಕೂತುಬಿಟ್ಟರು. ಸುಮಾ ಬಾಗಿಲು ದಾಟಿ ಹೋದಳು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಕೊನೆಗೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಮರುದಿನ ಬೆಳಗ್ಗೆ ಅವರು ಅಂಗಡಿ ತೆರೆಯಲಿಲ್ಲ. “ಕೆಂಗೇರಿಗೆ ಹೋಗ್ತಾ ಇದೀನಿ, ಬರ್ತೀರಾ?” ಎಂದರು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ನಾಯಂಡಹಳ್ಳಿ ದಾಟುವಾಗ ಒಂದು ಗೋಡೆಯ ಮೇಲೆ ‘ಗೋಧಾಮು ಬಾಡಿಗೆಗೆ ಇದೆ’ ಎಂದು ದೊಡ್ಡದಾಗಿ ಬರೆದಿತ್ತು. ಅವರು ನೋಡಿದರು. ಏನೂ ಅನ್ನಲಿಲ್ಲ. ಆಗ ನನಗೆ ನಿಜವಾಗಿಯೂ ಭಯವಾಯಿತು.

ಹಾಲವ್ವನದು ಒಂದೇ ಕೋಣೆಯ ಮನೆ. ಮಗಳು ಕಾಲೇಜಿಗೆ ಹೋಗಿದ್ದಳು. ಆಕೆ ಎಡಗೈಯಲ್ಲಿ ಕಣಕ ನಾದುತ್ತಿದ್ದಳು. ಬಲಗೈಯ ಬೆರಳುಗಳು ಅರ್ಧ ಮಡಚಿಕೊಂಡೇ ಇದ್ದವು. ನಮ್ಮನ್ನು ಕಂಡು ಮುಖ ಅರಳಿತು. ಚಾಪೆ ಹಾಕಿ, ನೀರು ಕೊಟ್ಟಳು. ಸೇತುರಾಮಯ್ಯ ಲೋಟವನ್ನು ಕೆಳಗಿಟ್ಟರು.

“ಹಾಲವ್ವ, ಸುಮಾ ಏನೂ ಹೇಳಿಲ್ಲ ಕಣಮ್ಮ. ಹೇಳಿದ್ದು ನಾನು.”

ಠಕಾರದಿಂದ ಹಿಡಿದು ನಂಜುಂಡಪ್ಪನವರು ಬಿಟ್ಟುಹೋದ ಆಧಾರ್ ಕಾರ್ಡಿನವರೆಗೆ ಎಲ್ಲ ಹೇಳಿದರು. ಒಂದೂ ‘ಸದರಿ’ ಇರಲಿಲ್ಲ. ಹಾಲವ್ವನ ಕೈ ಕಣಕದಲ್ಲೇ ನಿಂತಿತು.

“ಸುಮಾ ಅಲ್ಲೇನ್ರಿ?” ಎಂದಳು. “ಎಂಟ ತಿಂಗಳಾತು, ಆಕಿ ಫೋನ್ ಮಾಡತಾಳ, ನಾ ಎತ್ತೂದಿಲ್ಲ.” ಮುಖ ಆಚೆ ತಿರುಗಿಸಿ ಅತ್ತಳು.

“ಎಲ್ಲ ನನ್ನ ತಪ್ಪು. ಕ್ಷಮಿಸಮ್ಮ” ಎಂದರು ಸೇತುರಾಮಯ್ಯ. ಅವರ ಮುಖದ ಮೇಲೆ ಎಂಟು ತಿಂಗಳಿಂದ ಕಾಣದ ನೆಮ್ಮದಿ ಕಂಡಿತು. ನನಗೂ ಹಗುರವಾಯಿತು. ಒಳ್ಳೆಯ ಕೆಲಸ ಮುಗಿಸಿದವರಂತೆ ಇಬ್ಬರೂ ಏಳಲು ಹೊರಟೆವು.

“ಕೂಡ್ರಿ” ಎಂದಳು ಹಾಲವ್ವ. ಕೈ ಒರೆಸಿಕೊಂಡು ನಮ್ಮ ಎದುರಿಗೇ ಕೂತಳು. “ನೀವು ಹೇಳಿದ್ದು ಸುಳ್ಳೇನ್ರಿ? ನಾವು ಆ ಜಾತಿಯವ್ರ ಹೌದು. ಅದನ್ನ ಹೇಳಿದ್ರ ತಪ್ಪೆಂಗ ಆಗತೈತ್ರಿ? ನಾ ಏನ ಕಳವು ಮಾಡಿ ಮುಚ್ಚಿಟ್ಟಿದ್ನೇನು? ಇಡೀ ಓಣಿ ಯಾರು ಹೇಳಿದ್ರು, ಯಾರು ಹೇಳಿದ್ರು ಅಂತ ಹುಡುಕತೈತಿ. ನಾನೂ ಹುಚ್ಚಿ, ಅದನ್ನ ಹುಡುಕಿದೆ. ನಾಟಕದವ್ರೂ ಬಂದು ಅದನ್ನ ಕೇಳಿದ್ರು. ನನ್ನ ಕೈ ಸುಟ್ಟಿದ್ದು ಮಾತಲ್ರಿ. ಹಿಡದು ಒತ್ತಿದ್ನಲ್ಲ, ಅವ ಯಾರು? ನನ್ನ ಕುತ್ತಿಗಿ ಬಗ್ಗಿಸಿ ಹಿಡದಿದ್ರು, ನನಗ ಕಾಣಲಿಲ್ಲ. ನೀವು ಎದುರಿಗಿದ್ರಿ. ಅದನ್ನ ಹೇಳ್ರಿ.”

ನಲವತ್ತೊಂದು ಜನರ ಮಾತನ್ನು ಕೆಮ್ಮು ಸಮೇತ ಬರೆದ ಮನುಷ್ಯ ಚಾಪೆಯ ಅಂಚನ್ನೇ ನೋಡುತ್ತ ಕೂತರು. ಅಷ್ಟು ಮಾತಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ಉತ್ತರ ಕೊಟ್ಟರೆ ನಾಳೆ ಅದೇ ರಸ್ತೆಯಲ್ಲಿ, ನಂಜುಂಡಪ್ಪನವರ ಬಾಡಿಗೆ ಮಳಿಗೆಯಲ್ಲೇ ಶಟರ್ ಎತ್ತಬೇಕು.

“ಭೈರೇಶ” ಎಂದರು. “ನಂಜುಂಡಪ್ಪನ ತಮ್ಮನ ಮಗ. ಕೈ ಹಿಡಿದು ಒತ್ತಿದ್ದು ಅವನೇ. ಬೈಕ್ ಹತ್ರ ಹೆಲ್ಮೆಟ್ ತೆಗೆದಾಗ ನೋಡ್ದೆ. ಎಲ್ಲಿ ಬೇಕಾದ್ರೂ ಹೇಳ್ತೀನಿ, ಕೋರ್ಟಲ್ಲೂ ಹೇಳ್ತೀನಿ.”

ಹಾಲವ್ವ ನನ್ನ ಕಡೆ ತಿರುಗಿದಳು. “ಮಾಸ್ತರ, ನೀವು?”

ನಾನು ಮೇಷ್ಟ್ರು. ಮಾತು ನನಗೆ ಬೇಗ ಸಿಗುತ್ತದೆ. “ಅವತ್ತು ನನಗೆ ಕನ್ನಡಕ ಇರ್ಲಿಲ್ಲಮ್ಮ” ಎಂದೆ.

“ಇತ್ತು ಮೇಷ್ಟ್ರೇ” ಎಂದರು ಸೇತುರಾಮಯ್ಯ. ಕೋಪವಿರಲಿಲ್ಲ, ಪ್ರೂಫು ನೋಡುವಾಗಿನ ಅದೇ ಧ್ವನಿ. “ಸರಿಯಾಗಿ ಕಾಣ್ತಿಲ್ಲ ಅಂತ ಒಂದ್ಸಲ ಒರೆಸಿ ಹಾಕ್ಕೊಂಡ್ರಿ.”

ಹಾಲವ್ವ ಕಾಯುತ್ತಿದ್ದಳು.

“ನೋಡಿದೆ” ಎಂದೆ.